ಎದುರಿಗೆ ಅಣ್ಣನ ಎರಡಂತಸ್ತಿನ ಮನೆ ಇರುವಾಗ ತೃಪ್ತಿ ಎಲ್ಲಿಂದ ಬರಬೇಕು?

ನಿಮ್ಮ ಪ್ರಶ್ನೆ ಉದ್ದವಿದೆ. ನನಗೆ ಅರ್ಥವಾದಷ್ಟನ್ನು ಮೊದಲು ಹೇಳಿಬಿಡುತ್ತೇನೆ. ನೀವು ಹೊನ್ನಾವರದ ಕಡೆಯವರು, ಖಾಸಗಿ ಕೆಲಸ, ಹೆಂಡತಿ, ಒಂದು ಮಗು. ಕುವೈತಿನಲ್ಲಿರುವ ಅಣ್ಣ ನಿಮ್ಮ ಮನೆಯ ಎದುರಿಗೇ ಎರಡಂತಸ್ತಿನ ಮನೆ ಕಟ್ಟಿಸಿದ್ದಾರೆ. ಭಾನುವಾರ ಚರ್ಚಿನ ಪೂಜೆಯಲ್ಲಿ ‘ದೇವರು ಧಾರಾಳವಾಗಿ ಕೊಡುತ್ತಾರೆ’ ಎಂದು ಕೇಳಿ ಬರುತ್ತೀರಿ. ಸಾಲದ ಕಂತು ಕಟ್ಟುವ ದಿನ ಆ ಮಾತು ಗಂಟಲಲ್ಲೇ ಉಳಿಯುತ್ತದೆ. ತೃಪ್ತಿ ಎಲ್ಲಿಂದ ಬರಬೇಕು, ಬಂದರೂ ಮೇಲೇರುವ ಆಸೆ ಅದರಿಂದ ಸತ್ತುಹೋಗುವುದಿಲ್ಲವೇ, ಈಗ ಬಂದಿರುವ ಗಲ್ಫ್ ಕೆಲಸಕ್ಕೆ ಒಪ್ಪಿದರೆ ಅದು ನಂಬಿಕೆಯ ಕೊರತೆಯೇ ಎಂದು ಕೇಳಿದ್ದೀರಿ.

ನಾನು ದೈವಶಾಸ್ತ್ರ ಓದಿದವನಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳ ಲೆಕ್ಕ ಬರೆಯುತ್ತೇನೆ. ಇನ್ನೊಬ್ಬರ ಗಳಿಕೆಯನ್ನು ದಿನವೂ ಅಂಕಿಗಳಲ್ಲಿ ನೋಡುವ ಕೆಲಸವಾದ್ದರಿಂದ ನಿಮ್ಮ ಹೊಟ್ಟೆಯುರಿ ನನಗೆ ಅಪರಿಚಿತವಲ್ಲ. ಹಾಗೆಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನೀವು ಆ ಮಾತು ಬಳಸಿಲ್ಲ, ನಿಜ. ಆದರೆ ನಿಮ್ಮ ಸಂಬಳದ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಅಣ್ಣನ ಮನೆಯ ಟೈಲ್ಸ್, ಗೇಟು, ಇನ್ವರ್ಟರುಗಳ ಬಗ್ಗೆ ಇಡೀ ಪ್ಯಾರಾ ಬರೆದಿದ್ದೀರಿ.

ಯೇಸುಸ್ವಾಮಿ ಇದನ್ನೇ ಕುರಿತು ಹೇಳಿದ ಸಾಮತಿಯೊಂದಿದೆ, ಅಂದರೆ ದೃಷ್ಟಾಂತದ ಕತೆ, ಬೈಬಲಿನ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ. ದ್ರಾಕ್ಷಿತೋಟದ ಯಜಮಾನ ಬೆಳಗಿನಿಂದ ಸಂಜೆಯವರೆಗೆ ಬೇರೆ ಬೇರೆ ಹೊತ್ತಿನಲ್ಲಿ ಕೂಲಿಯಾಳುಗಳನ್ನು ಕರೆದು ತರುತ್ತಾನೆ. ನಸುಕಿಗೆ ಬಂದವರ ಜೊತೆ ದಿನಕ್ಕೆ ಒಂದು ಬೆಳ್ಳಿ ನಾಣ್ಯ ಎಂದು ಮಾತಾಗಿರುತ್ತದೆ. ಸಂಜೆ ಐದಕ್ಕೆ ಬಂದು ಒಂದೇ ತಾಸು ದುಡಿದವರಿಗೂ ಆತ ಅಷ್ಟೇ ಕೊಡುತ್ತಾನೆ. ಬೆಳಗಿನವರು ಗೊಣಗುತ್ತಾರೆ.

ನಾನೂ ಕೂಲಿ ಬಟವಾಡೆ ಮಾಡುವವನಾದ್ದರಿಂದ ಈ ಕತೆಯಲ್ಲಿ ನನ್ನ ಕಣ್ಣಿಗೆ ಬೀಳುವುದು ಬಟವಾಡೆಯ ಸರದಿ. ಕೊನೆಗೆ ಬಂದವರಿಂದ ಶುರುಮಾಡಿ ಮೊದಲು ಬಂದವರವರೆಗೆ ಕೊಡು ಎಂದು ಯಜಮಾನ ತನ್ನ ಮೇಸ್ತ್ರಿಗೆ ಹೇಳುತ್ತಾನೆ. ಬೆಳಗಿನವರಿಗೆ ಮೊದಲು ಕೊಟ್ಟು ಕಳಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಹೇಳಿದ ಕೂಲಿ ಪೂರ್ತಿ ಸಿಕ್ಕಿತು ಎಂದು ಖುಷಿಯಿಂದ ಮನೆ ಸೇರುತ್ತಿದ್ದರು. ಅವರ ಕೈಯಲ್ಲಿದ್ದ ನಾಣ್ಯದ ಬೆಲೆಯೇನೂ ಇಳಿಯಲಿಲ್ಲ. ಪಕ್ಕದವನ ಕೈ ಕಂಡ ಮೇಲೆ ಅದು ಕಡಿಮೆ ಎನಿಸಿತು, ಅಷ್ಟೆ. ಆಗ ಯಜಮಾನ ಕೇಳುವ ಪ್ರಶ್ನೆ ಚುಚ್ಚುವಂಥದ್ದು: ನಾನು ಧಾರಾಳಿಯಾದೆನೆಂದು ನಿನಗೆ ಹೊಟ್ಟೆಕಿಚ್ಚೇ?

ದೇವರು ಧಾರಾಳವಾಗಿ ಕೊಡುತ್ತಾರೆ ಎಂಬುದನ್ನು ನೀವು ನಂಬುತ್ತಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ನಂಬುತ್ತೀರಿ, ಚೆನ್ನಾಗಿಯೇ ನಂಬುತ್ತೀರಿ. ಸಾಕ್ಷಿ ಎದುರಿಗೇ ನಿಂತಿದೆ, ಎರಡಂತಸ್ತು, ಬಣ್ಣ ಬಳಿದುಕೊಂಡು. ಆ ಧಾರಾಳತನ ರಸ್ತೆಯ ಆಚೆ ಬದಿಗೆ ಹೋಯಿತಲ್ಲ ಎಂಬುದೇ ನಿಮ್ಮನ್ನು ಕಾಡುತ್ತಿದೆ. ‘ಅಣ್ಣನಿಗೂ ಅಲ್ಲಿ ಕಷ್ಟವಿದೆ, ಹೆಂಡತಿ ಮಕ್ಕಳನ್ನು ಬಿಟ್ಟು ಸೆಕೆಯಲ್ಲಿ ಬೇಯುತ್ತಿದ್ದಾನೆ’ ಎಂದು ನೆನೆದು ಸಮಾಧಾನ ತಂದುಕೊಳ್ಳಿ ಎಂದು ಹಲವರು ನಿಮಗೆ ಹೇಳುತ್ತಾರೆ. ಆ ದಾರಿ ಬೇಡ. ಇನ್ನೊಬ್ಬನ ಕಷ್ಟ ಎಣಿಸಿ ಪಡೆಯುವ ನೆಮ್ಮದಿಗೆ ಕ್ರೈಸ್ತರು ತೃಪ್ತಿಯ ಹೆಸರಿಡಬಾರದು.

ಬಂದರಿನಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಬಂಗಡೆಯ ಕಾಲದಲ್ಲಿ ಒಂದು ಬೋಟು ನೀರಿಗೆ ತಗ್ಗಿಕೊಂಡು ಒಳಬರುತ್ತದೆ, ಅಂದರೆ ಹೊಟ್ಟೆ ತುಂಬಿದೆ. ಅದರ ಹಿಂದೆಯೇ ಇನ್ನೊಂದು ಹಗುರಾಗಿ ಎದ್ದುಕೊಂಡು ಬರುತ್ತದೆ. ಹಗುರಾದ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು, ದಕ್ಕೆಗೆ ಇಳಿಯುತ್ತಲೇ ಕೇಳುವುದು ತನ್ನ ಮೀನಿನ ದರವನ್ನಲ್ಲ, ಆಚೆಯವನಿಗೆ ಎಷ್ಟು ಬುಟ್ಟಿ ಎಂದು. ನನ್ನ ಪುಸ್ತಕದಲ್ಲಿ ಅವನದು ನಷ್ಟದ ದಿನವೇನೂ ಅಲ್ಲದಿರಬಹುದು. ಡೀಸೆಲ್, ಐಸ್, ರೇಷನ್ ಕಳೆದು, ಖಲಾಸಿಗಳ ಪಾಲು ಕೊಟ್ಟು, ಒಂದಿಷ್ಟು ಉಳಿದಿರುತ್ತದೆ. ಆದರೂ ಅವನ ಮುಖ ನೋಡಿದರೆ ಬಲೆಯೇ ಕಳೆದುಹೋದಂತಿರುತ್ತದೆ.

ಲೂಕನ ಶುಭಸಂದೇಶದ 5ನೇ ಅಧ್ಯಾಯವನ್ನು ಈ ಕಣ್ಣಿನಿಂದ ಓದಿ ನೋಡಿ. ರಾತ್ರಿಯಿಡೀ ಏನೂ ಸಿಗದ ಮೀನುಗಾರ ಪೇತ್ರನ ಬಲೆಗೆ ಯೇಸುಸ್ವಾಮಿಯ ಮಾತಿನಂತೆ ಬಲೆ ಹರಿಯುವಷ್ಟು ಮೀನು ಬೀಳುತ್ತದೆ. (ಲೆಕ್ಕದವನಾದ ನನಗೆ ಮೊದಲು ಹೊಳೆಯುವುದು ಆ ಬಲೆಯ ರಿಪೇರಿ ಖರ್ಚು.) ಆಗ ಪೇತ್ರ ಮತ್ತು ಅವನ ದೋಣಿಯವರು ಇನ್ನೊಂದು ದೋಣಿಯಲ್ಲಿದ್ದ ಜೊತೆಗಾರರಿಗೆ ಸನ್ನೆ ಮಾಡಿ ಕರೆಯುತ್ತಾರೆ. ಎರಡೂ ದೋಣಿ ಮುಳುಗುವಷ್ಟು ತುಂಬುತ್ತವೆ. ಒಂದೇ ದೋಣಿ ಹೊರಲಾಗದಷ್ಟು ದೇವರು ಕೊಟ್ಟರು ಎಂಬುದನ್ನು ನಾನು ಹೀಗೆ ತಿಳಿಯುತ್ತೇನೆ: ಅವರ ಕೊಡುಗೆಯಲ್ಲಿ ಪಕ್ಕದ ದೋಣಿಯ ಪಾಲೂ ಸೇರಿಯೇ ಬರುತ್ತದೆ. ನಿಮಗೆ ಬರುವುದರಲ್ಲಿ ಯಾರದೋ ಪಾಲಿದೆ. ಅಣ್ಣನಿಗೆ ಬಂದದ್ದರಲ್ಲಿ ನಿಮ್ಮದೂ ಇರಬಹುದು. ಅದು ದುಡ್ಡಿನ ರೂಪದಲ್ಲೇ ಇರಬೇಕೆಂದೇನಿಲ್ಲ.

ಇದು ನಮ್ಮ ಕರಾವಳಿಗೆ ಹೊಸದಲ್ಲ. ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬರುವ ಮೊದಲು ರಂಪಣಿಯ ಕಾಲವಿತ್ತು, 1970ರ ದಶಕದವರೆಗೂ. ದಡದಿಂದ ಎಳೆಯುವ ಆ ದೊಡ್ಡ ಬಲೆಗೆ ಕೇರಿಗೆ ಕೇರಿಯೇ ಕೈ ಹಾಕಬೇಕಿತ್ತು, ಬಂದದ್ದು ಪಾಲಾಗಿ ಮನೆಮನೆಗೆ ಹೋಗುತ್ತಿತ್ತು. ಈಗಲೂ ಏಂಡಿ ಎಂಬ ದಡದ ಬಲೆ ಎಳೆಯುವಲ್ಲಿ ಹಗ್ಗ ಹಿಡಿದ ಮುದುಕನ ಕೈಚೀಲಕ್ಕೆ ಸಾರಿಗಾಗುವಷ್ಟು ಮೀನು ಬೀಳುವುದನ್ನು ನೋಡಿದ್ದೇನೆ. ಅವನು ಎಷ್ಟು ಬಲವಾಗಿ ಎಳೆದ ಎಂದು ಯಾರೂ ಅಳೆಯುವುದಿಲ್ಲ.

ಇನ್ನು ತೃಪ್ತಿ ಹೇಗೆ ಬರುತ್ತದೆ ಎಂಬುದು. ಸಂತ ಪೌಲರು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ತಾವು ಇದನ್ನು ಕಲಿತದ್ದಾಗಿ ಹೇಳುತ್ತಾರೆ. ಹುಟ್ಟಿನಿಂದ ಬಂದದ್ದಲ್ಲ, ಪ್ರಾರ್ಥಿಸಿದ ರಾತ್ರಿಯೇ ಆಕಾಶದಿಂದ ಇಳಿದದ್ದೂ ಅಲ್ಲ. ಬರೆದದ್ದು ಸೆರೆಯಲ್ಲಿದ್ದಾಗ. ಅವರು ಕಲಿತದ್ದು ಹಸಿವಿನಲ್ಲಿ ಇರುವುದನ್ನು ಮಾತ್ರವಲ್ಲ, ಸಮೃದ್ಧಿಯಲ್ಲಿ ಇರುವುದನ್ನೂ. ಎರಡನೆಯದಕ್ಕೂ ಕಲಿಕೆ ಬೇಕು ಎಂಬುದನ್ನು ನಾವು ಮರೆಯುತ್ತೇವೆ. ಬೈಕುಗಳ ಮೇಲೆ ಸ್ಟಿಕ್ಕರ್ ಆಗಿರುವ ‘ನನ್ನನ್ನು ಬಲಪಡಿಸುವವರಿಂದ ಎಲ್ಲವನ್ನೂ ಮಾಡಬಲ್ಲೆ’ ಎಂಬ ಅರ್ಥದ ವಾಕ್ಯ ಅಲ್ಲಿಯೇ ಮುಂದೆ ಬರುತ್ತದೆ. ಪರೀಕ್ಷೆ ಪಾಸಾಗುವುದಕ್ಕೂ ಅಂಗಡಿ ತೆರೆಯುವುದಕ್ಕೂ ಅದನ್ನು ಹಚ್ಚುತ್ತಾರೆ. ಪೌಲರು ಹೇಳಿದ್ದು ಉಂಡಾಗಲೂ ಉಪವಾಸವಿದ್ದಾಗಲೂ ಒಂದೇ ಸಮ ಇರಬಲ್ಲೆ ಎಂದು. ಹಾಗೆಂದು ಫಿಲಿಪ್ಪಿಯವರು ಎಪಫ್ರೊದಿತ ಎಂಬವನ ಕೈಯಲ್ಲಿ ಕಳಿಸಿದ ನೆರವನ್ನು ಅವರು ಬೇಡ ಎನ್ನಲಿಲ್ಲ. ನನ್ನ ಕಷ್ಟದಲ್ಲಿ ಪಾಲುಗೊಂಡಿರಿ, ಒಳ್ಳೆಯದನ್ನೇ ಮಾಡಿದಿರಿ ಎಂದರು.

ಕಲಿಯುವ ಬಗೆಯನ್ನು ನಮ್ಮ ತೆನೆಹಬ್ಬವೇ ತೋರಿಸುತ್ತದೆ. ಮೊಂತಿ ಫೆಸ್ತ್ ಎಂದರೆ ನಿಮಗೆ ವಿವರಿಸಬೇಕಿಲ್ಲ. ಬೇರೆ ಓದುಗರಿಗಾಗಿ ಹೇಳುತ್ತೇನೆ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಪರದೇಶದಲ್ಲಿರುವವರಿಗೆ ಕೆಲವು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವ ಮನೆಗಳೂ ಇವೆ. ಇದರಲ್ಲಿ ನಾನು ಗಮನಿಸುವುದು ತಾರೀಖನ್ನು. ಆ ಹೊತ್ತಿಗೆ ಹೆಚ್ಚಿನ ಗದ್ದೆಗಳಲ್ಲಿ ಕೊಯ್ಲು ಮುಗಿದಿರುವುದಿಲ್ಲ, ಎಷ್ಟೋ ಕಡೆ ಶುರುವೇ ಆಗಿರುವುದಿಲ್ಲ. ಇನ್ನೊಂದು ಮಳೆ ಹೊಡೆದರೆ ಪೈರು ಮಲಗಬಹುದು. ಕಣಜಕ್ಕೆ ಎಷ್ಟು ಬಂತೆಂದು ಅಳೆದ ಮೇಲೆ ಮಾಡುವ ಕೃತಜ್ಞತೆಯಲ್ಲ ಇದು. ಮೊದಲ ತೆನೆಗೇ, ಲೆಕ್ಕ ಮುಚ್ಚುವ ಮೊದಲೇ ಮಾಡುವುದು. ನೀವು ಸಾಕಷ್ಟು ಬಂದ ಮೇಲೆ ತೃಪ್ತನಾಗುತ್ತೇನೆ ಎಂದು ಕಾಯುತ್ತಿದ್ದೀರಿ. ನಮ್ಮ ಹಿರಿಯರು ಆ ಸರದಿಯನ್ನೇ ತಿರುಗಿಸಿ ಇಟ್ಟರು.

ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ, ಬೇಕಾದರೆ ನಗಿ. ತಿಂಗಳ ಮನೆಖರ್ಚು ಬರೆಯುವಾಗ ಜಮಾ ಪುಟವನ್ನು ಮೊದಲು ಬರೆಯಿರಿ, ಸಂಬಳ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅತ್ತೆಯವರು ಕಳಿಸಿದ ತೆಂಗಿನಕಾಯಿ, ಮಗುವಿಗೆ ಜ್ವರ ಬಂದಾಗ ರಾತ್ರಿ ರಿಕ್ಷಾ ತಂದ ನೆರೆಯವರು, ಅತ್ತಿಗೆ ಕೊಟ್ಟ ಬಟ್ಟೆ, ಎಲ್ಲವೂ ಅಲ್ಲಿ ಹೆಸರಿನ ಸಮೇತ ಇರಲಿ. ದೇವರ ಪೋಷಣೆ ಹೆಚ್ಚಾಗಿ ಯಾರದೋ ಕೈಯಿಂದ ಬರುತ್ತದೆ. ಆ ಕೈಗಳ ಹೆಸರು ಬರೆದಾಗ ನಿಮ್ಮ ಪುಟದಲ್ಲಿ ಅಣ್ಣನ ಹೆಸರೂ ಎಲ್ಲೋ ಬಂದೇ ಬರುತ್ತದೆ. ಅದನ್ನು ಮುಂದಿಟ್ಟುಕೊಂಡು ಸಂಜೆಯ ಜಪಸರದಲ್ಲಿ ಅವರಿಗಾಗಿ ಪ್ರಾರ್ಥಿಸಿ. ಮೊದಮೊದಲು ನಾಲಿಗೆ ಒಣಗುತ್ತದೆ. ಪರವಾಗಿಲ್ಲ.

ಆಸೆ ಸತ್ತುಹೋಗುತ್ತದೆಯೇ? ಇಲ್ಲ. ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಪುನರುತ್ಥಾನರಾದ ಯೇಸುಸ್ವಾಮಿ ದಡದಲ್ಲಿ ಕೆಂಡ ಹಾಕಿ ಮೀನು, ರೊಟ್ಟಿ ಆಗಲೇ ಸಿದ್ಧಮಾಡಿಟ್ಟಿರುತ್ತಾರೆ. ಆದರೂ ನೀವು ಈಗ ಹಿಡಿದ ಮೀನಿನಲ್ಲಿ ಕೆಲವನ್ನು ತನ್ನಿ ಎನ್ನುತ್ತಾರೆ. ಅವರಿಗೆ ಅದರ ಅಗತ್ಯವೇನಿತ್ತು? ಶಿಷ್ಯರ ದುಡಿಮೆಗೆ ತಮ್ಮ ಒಲೆಯ ಮೇಲೆ ಜಾಗ ಕೊಟ್ಟರು. ಅಂದು ಬಲೆಯಲ್ಲಿದ್ದದ್ದು 153 ದೊಡ್ಡ ಮೀನುಗಳಂತೆ. ಯಾರೋ ಕುಳಿತು ಎಣಿಸಿದ್ದಾರೆ ಎಂಬುದು ನನ್ನಂಥವನಿಗೆ ದೊಡ್ಡ ಸಮಾಧಾನ.

ಕೂಡಿಡುವುದೂ ತಪ್ಪಲ್ಲ. ವಿಮೋಚನಾಕಾಂಡದ 16ನೇ ಅಧ್ಯಾಯದಲ್ಲಿ, ಮರುಭೂಮಿಯಲ್ಲಿ ದೇವರು ದಿನವೂ ಕೊಟ್ಟ ಆಹಾರವಾದ ಮನ್ನವನ್ನು ನಾಳೆಗೆಂದು ಇಟ್ಟುಕೊಂಡವರಿಗೆ ಹುಳು ಬಿತ್ತು, ನಿಜ. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಿಕೊಳ್ಳಲು ದೇವರೇ ಹೇಳಿದರು, ಅದು ಕೆಡಲಿಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅದಕ್ಕಾಗಿ ಬೇಸಿಗೆಯಲ್ಲೇ ಮೀನು ಒಣಗಿಸಿಡುವ, ಚೀಟಿಗೆ ದುಡ್ಡು ಕಟ್ಟುವ ಹೆಂಗಸರನ್ನು ಯಾರೂ ನಂಬಿಕೆಯಿಲ್ಲದವರು ಎನ್ನುವುದಿಲ್ಲ. ಬರಲಿರುವ ಬಿಡುವು ಅವರಿಗೆ ಗೊತ್ತು, ಅಷ್ಟಕ್ಕೆ ಬೇಕಾದಷ್ಟು ಇಡುತ್ತಾರೆ. ಎಷ್ಟಕ್ಕಾಗಿ, ಯಾವಾಗಿನವರೆಗೆ ಎಂದು ಹೇಳಲಾಗದ ಕೂಡಿಕೆಯ ಬಗ್ಗೆ ಮಾತ್ರ ನನಗೆ ಹುಳುವಿನ ಅನುಮಾನ.

ತೃಪ್ತಿಯ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂದೂ ತಿಳಿಯಬೇಡಿ. ನಿಮಗೆ ಬಾಕಿಯಿರುವ ಓವರ್‌ಟೈಮ್ ಬಂದಿಲ್ಲ ಎಂದು ನಡುವೆ ಬರೆದಿದ್ದೀರಿ. ಅದನ್ನು ಕೇಳಿ, ಬರೆಹದಲ್ಲಿ ಕೇಳಿ. ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಎನ್ನುತ್ತದೆ ಯಕೋಬನ ಪತ್ರ. ಹಸಿದವನಿಗೆ ಏನೂ ಕೊಡದೆ ‘ಸಮಾಧಾನದಿಂದ ಹೋಗು, ಹೊಟ್ಟೆತುಂಬ ಉಣ್ಣು’ ಎನ್ನುವವರನ್ನು ತರಾಟೆಗೆ ತೆಗೆದುಕೊಳ್ಳುವುದೂ ಅದೇ ಪತ್ರ. ಇದ್ದುದರಲ್ಲೇ ತೃಪ್ತಿಪಡು ಎಂದು ಇನ್ನೊಬ್ಬರಿಗೆ ಉಪದೇಶಿಸುವ ಹಕ್ಕು ನನ್ನಂಥ ಹೊಟ್ಟೆ ತುಂಬಿದವನಿಗೆ ಕಡಿಮೆ. ನೀವಾಗಿ ಕೇಳಿದ್ದರಿಂದ ಇಷ್ಟು ಬರೆದೆ.

ಕೊನೆಗೆ ಗಲ್ಫ್ ಕೆಲಸ. ಹೋಗುವುದು ನಂಬಿಕೆಯ ಕೊರತೆಯಲ್ಲ, ಹೋಗದಿರುವುದು ಸೋಮಾರಿತನವೂ ಅಲ್ಲ. ಸಾಲ ತೀರಿಸಲು, ಇಂತಿಷ್ಟು ವರ್ಷ ಎಂದು ಹೆಂಡತಿಯ ಜೊತೆ ಕುಳಿತು ಗೊತ್ತುಮಾಡಿಕೊಂಡು ಹೊರಡುವುದಾದರೆ ಧೈರ್ಯವಾಗಿ ಹೊರಡಿ. ಎದುರುಮನೆಗಿಂತ ಒಂದು ಅಂತಸ್ತು ಎತ್ತರ ಕಟ್ಟಲಿಕ್ಕೆ ಎಂದಾದರೆ ಸ್ವಲ್ಪ ತಡೆಯಿರಿ, ಅಲ್ಲಿಯೂ ನಿಮಗೊಂದು ಎದುರುಮನೆ ಸಿಕ್ಕೇ ಸಿಗುತ್ತದೆ. ಏಜೆಂಟರ ನೋಂದಣಿ ಇದೆಯೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ನಿಯಮದ ಪ್ರಕಾರ ಅವರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಸಹಿ ಹಾಕುವ ಮೊದಲು ಕರಾರುಪತ್ರವನ್ನು ಅಣ್ಣನಿಗೆ ಓದಲು ಕಳಿಸಿ. ಅಲ್ಲಿನ ಬಾಡಿಗೆ, ಊಟ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ಅವರಷ್ಟು ಚೆನ್ನಾಗಿ ಹೇಳಬಲ್ಲವರು ನಿಮಗೆ ಬೇರೆ ಯಾರೂ ಇಲ್ಲ.