ಪೆನ್ ಡಾಪ್ಲರ್‌ನಲ್ಲಿ ಪಾದದ ಸದ್ದು ಸಿಗದಿದ್ದರೆ, ಎಬಿಐ 1.5 ಬಂದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇದೆ. ಮೂಡಿಗೆರೆ ಕಡೆಯ ನಿಮ್ಮ ಎಸ್ಟೇಟ್ ದವಾಖಾನೆಗೆ ಬಂದಿರುವ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ 8 ಮೆಗಾಹರ್ಟ್ಸ್ ಪೆನ್ ಡಾಪ್ಲರ್‌ನಲ್ಲಿ ಕೆಲವರ ಪಾದದ ಸದ್ದೇ ಸಿಗುತ್ತಿಲ್ಲ. ಇನ್ನೊಂದು, ಬಹಳ ವರ್ಷದಿಂದ ಶುಗರ್ ಇದ್ದು ಹಿಮ್ಮಡಿಯಲ್ಲಿ ಹುಣ್ಣಾದ ಒಬ್ಬರಿಗೆ ಎಬಿಐ (ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದ ಅಂಕಿ) 1.5 ಬಂದಿದೆ, ರಕ್ತ ಚೆನ್ನಾಗಿದೆ ಅಂತ ಡ್ರೆಸಿಂಗ್ ಮಾಡಿ ಮನೆಗೆ ಕಳಿಸಬಹುದಾ ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಹೇಳ್ತೀನಿ: ಹಾಗಂತ ಕಳಿಸಬೇಡಿ, ಸಿಸ್ಟರ್. ಎಬಿಐ 1.00ರಿಂದ 1.40ರವರೆಗೆ ನಾರ್ಮಲ್. 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. 1.40 ದಾಟಿದರೆ ಆ ಅಂಕಿಯನ್ನು ನಂಬುವ ಹಾಗಿಲ್ಲ. ಶುಗರ್ ಮತ್ತು ಕಿಡ್ನಿ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಕ್ಯಾಲ್ಸಿಯಂ ಕೂತು ಗಟ್ಟಿಯಾಗಿರುತ್ತೆ. ಕಫ್ (ಬಿಪಿ ನೋಡಲು ಕಟ್ಟುವ ಪಟ್ಟಿ) ಬಿಗಿದರೂ ನಾಳ ಸುಲಭಕ್ಕೆ ಮುಚ್ಚುವುದಿಲ್ಲ, ಒತ್ತಡ ಸುಳ್ಳಾಗಿ ಏರುತ್ತೆ. ಒಳಗೆ ದೊಡ್ಡ ಬ್ಲಾಕ್ ಇದ್ದರೂ ಅಂಕಿಯಲ್ಲಿ ಕಾಣುವುದಿಲ್ಲ. 0.5 ಬಂದವರನ್ನು ಯಾರೂ ಮನೆಗೆ ಕಳಿಸುವುದಿಲ್ಲ, 1.5 ಬಂದವರು ತಪ್ಪಿಸಿಕೊಂಡು ಹೋಗುತ್ತಾರೆ, ಅದಕ್ಕೇ ನನಗೆ ಇವರದೇ ಹೆಚ್ಚು ಚಿಂತೆ.

ಇಂಥವರಲ್ಲಿ ಅಂಕಿ ಬಿಟ್ಟು ಸದ್ದು ಕೇಳಿ. ಒಳ್ಳೆಯ ನಾಳದಲ್ಲಿ ಪ್ರತಿ ಬಡಿತಕ್ಕೂ ಚುರುಕಾದ ಒಂದು ದೊಡ್ಡ ಸದ್ದು, ಅದರ ಬೆನ್ನಿಗೇ ಒಂದೆರಡು ಸಣ್ಣ ಸದ್ದು ಬರುತ್ತೆ. ಮೇಲೆ ಬ್ಲಾಕ್ ಇದ್ದರೆ ‘ಹುಶ್… ಹುಶ್…’ ಅಂತ ಮೆತ್ತಗೆ, ಎಳೆದಂತೆ, ಒಂದೇ ಸದ್ದು. 1.5 ಜೊತೆಗೆ ಈ ಒಂಟಿ ಸದ್ದು ಕೇಳಿದರೆ ಸದ್ದನ್ನೇ ನಂಬಿ.

ಕಫ್ ಇಲ್ಲದೆ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ರೋಗಿ ಅಂಗಾತ ಮಲಗಿರಲಿ. ಪಾದದ ಮೇಲೆ ಸದ್ದು ಹಿಡಿದುಕೊಂಡು, ಇನ್ನೊಬ್ಬರಿಂದ ಕಾಲನ್ನು ನಿಧಾನ ಎತ್ತಿಸಿ. ಸದ್ದು ನಿಂತ ಜಾಗದ ಎತ್ತರವನ್ನು ಎದೆಯ ಮಧ್ಯದ ಮಟ್ಟದಿಂದ ಟೇಪಿನಲ್ಲಿ ಅಳೆಯಿರಿ. ಪ್ರತಿ 13 ಸೆಂಟಿಮೀಟರ್‌ಗೆ ಸುಮಾರು 10 ಮಿ.ಮೀ. ಪಾದರಸದ ಒತ್ತಡ. 65 ಸೆಂಟಿಮೀಟರ್ ಮುಟ್ಟುವ ಮೊದಲೇ ಸದ್ದು ನಿಂತರೆ ಕಣಕಾಲಿನ ಒತ್ತಡ 50ಕ್ಕಿಂತ ಕಡಿಮೆ. ಹುಣ್ಣು ಮಾಯುವುದು ಕಷ್ಟ. ಕಾಲು ಇಳಿಸಿದಾಗ ಸದ್ದು ವಾಪಸ್ ಬರಬೇಕು. ಬರದಿದ್ದರೆ ಪೆನ್ ಜಾರಿದೆ, ಮತ್ತೆ ಮಾಡಿ. ಎತ್ತಿ ಹಿಡಿದಾಗ ನೋವಾಗುತ್ತೆ, ಹೆಚ್ಚು ಹೊತ್ತು ಬೇಡ.

ಇನ್ನು ಸದ್ದೇ ಸಿಗದ ವಿಷಯ. ಹೆಚ್ಚಿನ ಸಲ ತಪ್ಪು ಕೈಯಲ್ಲಿರುತ್ತೆ: ಪೆನ್ ಒತ್ತಿ ಹಿಡಿಯುತ್ತೇವೆ. ಪಾದದ ನಾಳ ಚರ್ಮದ ಕೆಳಗೇ ಮೂಳೆಯ ಮೇಲೆ ಇರೋದರಿಂದ ಸ್ವಲ್ಪ ಒತ್ತಿದರೂ ಮುಚ್ಚಿಹೋಗುತ್ತೆ. ಕಿರುಬೆರಳನ್ನು ಪಾದಕ್ಕೆ ಊರಿ ಕೈಗೆ ಆಧಾರ ಕೊಡಿ, ಪೆನ್ನಿನ ತುದಿ ಜೆಲ್‌ನಲ್ಲಿ ತೇಲುವಷ್ಟು ಹಗುರವಾಗಿರಲಿ. ಜೆಲ್ ಧಾರಾಳವಾಗಿ ಹಾಕಿ, ನಡುವೆ ಗಾಳಿ ಇದ್ದರೆ ಅಲೆ ದಾಟುವುದಿಲ್ಲ, ವ್ಯಾಸಲಿನ್ ಬೇಡ. ಪೆನ್ ನೆಟ್ಟಗೆ ನಿಂತರೆ, ಅಂದರೆ ರಕ್ತದ ಹರಿವಿಗೆ 90 ಡಿಗ್ರಿಯಲ್ಲಿದ್ದರೆ, ಡಾಪ್ಲರ್‌ಗೆ ಹರಿವೇ ಗೊತ್ತಾಗುವುದಿಲ್ಲ. 45ರಿಂದ 60 ಡಿಗ್ರಿಗೆ ಓರೆ ಮಾಡಿ, ತುದಿ ಮೊಣಕಾಲಿನ ಕಡೆ ನೋಡಲಿ. ಹೆಬ್ಬೆರಳನ್ನು ಮೇಲಕ್ಕೆತ್ತಿಸಿದರೆ ಎದ್ದು ಕಾಣುವ ಸ್ನಾಯುರಜ್ಜಿನ ಹೊರಬದಿಯಲ್ಲಿ ಒಂದು ನಾಳ, ಕಣಕಾಲಿನ ಒಳಬದಿಯ ಗಂಟಿನ ಹಿಂದೆ ಇನ್ನೊಂದು. ಕೆಲವರಿಗೆ ಪಾದದ ಮೇಲಿನದು ಹುಟ್ಟಿನಿಂದಲೇ ಇರುವುದಿಲ್ಲ, ಆದ್ದರಿಂದ ಎರಡೂ ಕಡೆ ಹುಡುಕದೆ ‘ಇಲ್ಲ’ ಅಂತ ಬರೆಯಬೇಡಿ. ಗಾಳಿ ಬೀಸಿದಂತೆ ಉಸಿರಿಗೆ ತಕ್ಕ ಹಾಗೆ ಏರಿಳಿಯುವ ಸದ್ದು ಅಭಿಧಮನಿಯದು (ಹೃದಯಕ್ಕೆ ರಕ್ತ ಮರಳುವ ನಾಳ), ನಮಗೆ ಬೇಕಾದದ್ದಲ್ಲ. ಪಾದ ತುಂಬಾ ಊದಿದ್ದರೆ 5 ಮೆಗಾಹರ್ಟ್ಸ್ ಪೆನ್ ಬೇಕು.

ನಿಮ್ಮ ಕಡೆ ಮಳೆಗಾಲದಲ್ಲಿ ತೋಟದಿಂದ ನೆನೆದು ಬಂದವರ ಪಾದ ತಣ್ಣಗಿದ್ದು ನಾಳ ಕುಗ್ಗಿರುತ್ತೆ. ಕಾಲು ಒರೆಸಿ, ಕಂಬಳಿ ಹೊದಿಸಿ 10 ನಿಮಿಷ ಮಲಗಿಸಿ. ಬಿಸಿನೀರಿನ ಬಾಟಲ್ ಇಡಬೇಡಿ, ಶುಗರ್ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ಪರೀಕ್ಷೆಗೆ ಮುಂಚೆ ಬೀಡಿ, ಕಾಫಿ ಎರಡೂ ಬೇಡ.

ಎಬಿಐ ಲೆಕ್ಕ: ಕಣಕಾಲಿನ ಎರಡು ನಾಳದಲ್ಲಿ ಹೆಚ್ಚಿನದನ್ನು ಎರಡು ತೋಳಿನಲ್ಲಿ ಹೆಚ್ಚಿನದರಿಂದ ಭಾಗಿಸಿ. ತೋಳು 140 ಮತ್ತು 130, ಕಣಕಾಲು 84 ಮತ್ತು 70 ಇದ್ದರೆ 84 ಭಾಗಿಸು 140, ಅಂದರೆ 0.60. ತೋಳಿನ ಒತ್ತಡವನ್ನೂ ಡಾಪ್ಲರ್‌ನಲ್ಲೇ ಅಳೆಯಿರಿ. ಕಫ್‌ಗೆ ಗಾಳಿ ತುಂಬಿ, ಸದ್ದು ನಿಂತ ಮೇಲೆ 20 ಮಿ.ಮೀ. ಹೆಚ್ಚು ಏರಿಸಿ, ಸೆಕೆಂಡಿಗೆ 2ರಂತೆ ಇಳಿಸಿ. ಸದ್ದು ಮರಳಿದ ಕ್ಷಣದ ಅಂಕಿ ಬರೆದುಕೊಳ್ಳಿ. ಕಫ್ ಚಿಕ್ಕದಾದರೆ ಒತ್ತಡ ಸುಳ್ಳಾಗಿ ಹೆಚ್ಚು ಬರುತ್ತೆ. ಹುಣ್ಣಿನ ಮೇಲೆ, ಡಯಾಲಿಸಿಸ್‌ಗಾಗಿ ನಾಳ ಜೋಡಿಸಿರುವ (ಫಿಸ್ಟುಲಾ) ಕೈಗೆ ಕಫ್ ಕಟ್ಟಬೇಡಿ.

ನಿಮ್ಮ 1.5ರ ರೋಗಿಗೆ ಹೆಬ್ಬೆರಳಿನ ಒತ್ತಡದ ಪರೀಕ್ಷೆ ಮತ್ತು ಕಲರ್ ಡಾಪ್ಲರ್ (ರಕ್ತದ ಹರಿವನ್ನು ಚಿತ್ರದಲ್ಲಿ ತೋರಿಸುವ ಸ್ಕ್ಯಾನ್) ಬೇಕು. ನಿಮ್ಮ ಡಾಕ್ಟರಿಗೆ ಹೇಳಿ ಹಾಸನಕ್ಕೋ ಮಂಗಳೂರಿಗೋ ಬರೆಸಿ. ರಕ್ತನಾಳದ ಸರ್ಜನ್ ಯಾವ ದಿನ ಇರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ, ಘಾಟಿ ಇಳಿದು ಹೋಗಿ ಬರಿಗೈಲಿ ಬರುವ ಹಾಗಾಗಬಾರದು. ಅಲ್ಲಿಯವರೆಗೆ ಬಿಗಿ ಬ್ಯಾಂಡೇಜ್ ಬೇಡ. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಿಚಿ, ನೋವು ಶುರುವಾಗಿ ಸದ್ದೂ ಇಲ್ಲದಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ: ಆರು ಗಂಟೆಯೊಳಗೆ ರಕ್ತ ಹರಿಯದಿದ್ದರೆ ಕಾಲೇ ಹೋಗಬಹುದು, ಆಗಲೇ ಆಂಬುಲೆನ್ಸ್ ಹತ್ತಿಸಿ.