ಅರಸೀಕೆರೆಯ ಜಲ್ಲಿಮಣ್ಣಿಗೆ ಒಗ್ಗುವ ಹೂಗಿಡ ಯಾವುದು?

ಅರಸೀಕೆರೆ ಹತ್ತಿರ ಜಲ್ಲಿಮಣ್ಣಿನ ಜಾಗ, ಬತ್ತಿದ ಬೋರ್‌ವೆಲ್, ಮೇಕೆಗಳ ಕಾಟ. ಬದುವಿಗೆ ಹೂ ಬಿಡುವ ಗಟ್ಟಿ ಗಿಡ ಬೇಕು, ಅವರೆ-ತೊಗರಿಯ ಕುಲದ್ದಾದರೆ ನೆಲವೂ ಫಲವತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ತಂಗಡಿ ಹಾಕಿ. ಆವರಿಕೆ ಎಂದರೂ ಅದೇ. ನಾನು ಬಾಣಾವರದ ಕಡೆಯವನು. ನಮ್ಮಲ್ಲಿ ಅದನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ನಮ್ಮ ಆಡುಗಳು ತಂಗಡಿಯನ್ನು ಮೂಸಿ ಮುಂದೆ ಹೋಗುತ್ತವೆ. ಆದರೆ ಮುಳ್ಳಿಲ್ಲದ ಗಿಡ, ದನ ನುಗ್ಗಿದರೆ ತಡೆಯುವುದಿಲ್ಲ.

ಮೊದಲ ವರ್ಷ ನಾನು ದಡ್ಡತನ ಮಾಡಿದೆ. ರಸ್ತೆ ಬದಿಯ ಮೊಣಕಾಲೆತ್ತರದ 12 ಗಿಡಗಳನ್ನು ಹಾರೆಯಿಂದ ಮೀಟಿ ತಂದು ನೆಟ್ಟು, ದಿನವೂ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದೆ. ಒಂದೂ ಉಳಿಯಲಿಲ್ಲ. ಅದರ ಜೀವವೆಲ್ಲ ಆಳಕ್ಕಿಳಿದ ತಾಯಿಬೇರಿನಲ್ಲಿ. ಅದನ್ನೇ ನಾನು ಅರ್ಧಕ್ಕೆ ಕಡಿದಿದ್ದೆ. ಮರುವರ್ಷ ಬೀಜ ಹಾಕಿದೆ. ಬೀಜದ ಸಿಪ್ಪೆ ಬಲು ಗಟ್ಟಿ. ಕುದಿಸಿ ಇಳಿಸಿದ ನೀರು ಸ್ವಲ್ಪ ಆರಿದ ಮೇಲೆ ಬೀಜ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಉಬ್ಬಿದವನ್ನು ಆರಿಸಿ, ಮುಂಗಾರಿನ ಹದಮಳೆ ಬಿದ್ದೊಡನೆ ಬದುವಿನಲ್ಲೇ ಊರಿ. ಮೊದಲ ಬೇಸಿಗೆ ದಾಟಿತೆಂದರೆ ಮತ್ತೆ ನೀರಿನ ಮಾತಿಲ್ಲ.

ನೆಲದ ಪ್ರಶ್ನೆಗೆ ಬಂದರೆ, ಕುಲ ಒಂದೇ ಆದರೂ ಗುಣ ಬೇರೆ. ಶೇಂಗಾ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳು ತಂಗಡಿಯ ಪಂಗಡದ ಹೆಚ್ಚಿನ ಗಿಡಗಳಲ್ಲಿ ಇರುವುದಿಲ್ಲ. ಹಾಗಾಗಿ ಗಾಳಿಯ ಸಾರಜನಕ ನೆಲಕ್ಕೆ ಇಳಿಯುತ್ತದೆಂದು ಕಾಯಬೇಡಿ. ಸೊಪ್ಪು ಕಡಿದು ಮಣ್ಣಿಗೆ ಸೇರಿಸಿ, ಅದೇ ಗೊಬ್ಬರ. ತೊಗಟೆಯಲ್ಲಿ ಒಗರು ಹೆಚ್ಚು. ಹಿಂದೆ ಚರ್ಮ ಹದ ಮಾಡಲು ಅದನ್ನು ಗಾಡಿಗಟ್ಟಲೆ ಸಾಗಿಸುತ್ತಿದ್ದರು.

ಹೂವನ್ನು ಮಾತ್ರ ಹತ್ತಿರ ಹೋಗಿ ನೋಡಿ. ಅರಿಶಿನ ಬಣ್ಣದ ಐದು ಎಸಳು, ನಡುವೆ ಬಾಳೆಹಣ್ಣಿನಂತೆ ಬಾಗಿದ ಕೇಸರಗಳು. ಅದರಲ್ಲಿ ಜೇನಿಲ್ಲ, ಪರಾಗವಷ್ಟೇ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ಕಪ್ಪು ದುಂಬಿ ಬಂದು ಅಪ್ಪಿಕೊಂಡು ಗುಂಯ್ ಎಂದು ಮೈ ನಡುಗಿಸಿದರೆ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಪುಡಿ ಉದುರುತ್ತದೆ. ಎಲೆಯ ಬುಡದಲ್ಲಿ ಕಿವಿಯಂಥ ಪುಟ್ಟ ಎಲೆಗಳಿರುತ್ತವೆ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟ ‘ಆರಿಕ್ಯುಲೇಟ’ ಎಂಬ ಹೆಸರು ಆ ಕಿವಿಯದೇ.

ಹೂವಿನ ಕಷಾಯ ಸಕ್ಕರೆ ಕಾಯಿಲೆಗೆ ರಾಮಬಾಣ ಎಂದು ಯಾರಾದರೂ ಹೇಳಿಯಾರು. ಕುಡಿಯಿರಿ, ಮಾತ್ರೆ ಬಿಡಬೇಡಿ.

ಬೇಲಿಗಳಲ್ಲಿ ಕಾಯಿ ಕಾಗದದಂತೆ ಒಣಗಿ ಕಂದಾದಾಗ ಒಂದು ಚೀಲ ಹಿಡಿದು ಜಾವಗಲ್ ದಾರಿಯಲ್ಲಿ ಹೊರಡಿ. ಅಲ್ಲಾಡಿಸಿದರೆ ಗಲಗಲ ಎನ್ನುವ ಕಾಯನ್ನೇ ಕೀಳಿ.