ನಾಟಕ ಚಿಕಿತ್ಸೆ ಕಲಿಯುವವರಿಗೆ: ದೃಶ್ಯದ ನಡುವೆ ಒಬ್ಬರು ಎದ್ದುಹೋದರೆ?

ಪ್ರಶ್ನೆ: ವಿಜಯಪುರದಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ ನಾನು. ನಾಟಕ ಚಿಕಿತ್ಸೆಯ (ಅಭಿನಯದ ಮೂಲಕ ಮನಸ್ಸಿನ ಕಷ್ಟಕ್ಕೆ ನೆರವಾಗುವ ವಿಧಾನ) ಪ್ರಾಯೋಗಿಕ ತರಬೇತಿಗೆ ಬಾಗಲಕೋಟೆಯಲ್ಲಿ ಎಂಟು ಮಹಿಳೆಯರ ಗುಂಪು ಕೊಟ್ಟಿದ್ದಾರೆ. ಎರಡನೇ ವಾರ ‘ನಿಮ್ಮ ಮನೆಯ ಒಂದು ಜಗಳ ಆಡಿ ತೋರಿಸಿ’ ಎಂದೆ. ಒಬ್ಬರು ನಡುಗುತ್ತ ಅತ್ತು ಎದ್ದುಹೋದರು. ಎಲ್ಲಿ ತಪ್ಪಿತು? ಮುಂದೇನು ಮಾಡಲಿ?

ಉತ್ತರ: ಅಳು ಬಂದದ್ದು ತಪ್ಪಲ್ಲ. ಎರಡನೇ ವಾರಕ್ಕೇ ಸ್ವಂತ ಬದುಕಿನ ದೃಶ್ಯ ಬಂದದ್ದು ತಪ್ಪು. ಅಮೆರಿಕದ ನಾಟಕ ಚಿಕಿತ್ಸಕಿ ರೆನೆ ಎಮುನಾ ರೂಪಿಸಿದ ಐದು ಹಂತಗಳಲ್ಲಿ ಮೊದಲು ಆಟ, ಆಮೇಲೆ ಕಲ್ಪಿತ ದೃಶ್ಯ. ಸ್ವಂತ ಜೀವನದ ಪಾತ್ರಗಳು ಬರುವುದು ಮೂರನೇ ಹಂತಕ್ಕೆ. ಅಲ್ಲಿನ ಇನ್ನೊಬ್ಬ ನಾಟಕ ಚಿಕಿತ್ಸಕ ರಾಬರ್ಟ್ ಲ್ಯಾಂಡಿ ‘ಅಂತರ’ದ ಬಗ್ಗೆ ಹೇಳುವುದೂ ಇದನ್ನೇ: ಪಾತ್ರ ತೀರಾ ದೂರವಿದ್ದರೆ ಭಾವನೆ ಏಳುವುದಿಲ್ಲ, ತೀರಾ ಹತ್ತಿರವಿದ್ದರೆ ಆಡುವವರೇ ಅದರಲ್ಲಿ ಮುಳುಗುತ್ತಾರೆ.

ಜಗಳವನ್ನೇ ಆಡಿಸಬೇಕಿದ್ದರೆ ನಿಮ್ಮ ಭಾಗದಲ್ಲಿ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟವಿದೆ. ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆ ಮುನಿಯುವ ಕಥೆ ಅಲ್ಲಿನ ಬಹಳ ಹೆಣ್ಣುಮಕ್ಕಳಿಗೆ ಗೊತ್ತು. ಅಸೂಯೆ, ಸಿಟ್ಟು, ಗಂಡನ ಮೇಲಿನ ಮುನಿಸು ಎಲ್ಲ ಅದರಲ್ಲಿದ್ದರೂ ಗುಂಪಿನ ಯಾರ ಮನೆಯ ಸುದ್ದಿಯೂ ಅಲ್ಲ. ನೀವು ಭಾಗವತರ ಜಾಗದಲ್ಲಿ ನಿಂತು ಕೇಳಿ: ‘ಯಾಕವ್ವಾ ಸತ್ಯಭಾಮಾ, ಇಷ್ಟ್ಯಾಕ ಸಿಟ್ಟು?’ ಈ ಪ್ರಶ್ನೆ ಮಾತು ಹೊರಡಿಸುತ್ತದೆ. ಬೇಕೆಂದಾಗ ದೃಶ್ಯ ನಿಲ್ಲಿಸುವ ಹಿಡಿತವೂ ನಿಮ್ಮಲ್ಲೇ ಉಳಿಯುತ್ತದೆ. ಬಾಗಲಕೋಟೆಯಲ್ಲಿ ಇನ್ನೊಂದು ಎಚ್ಚರ: ‘ನಿಮ್ಮ ಹಳೇ ಮನೆ ನೆನೆಸಿಕೊಳ್ಳಿ’ ಎಂಬುದು ಬೇರೆ ಕಡೆ ಸಾದಾ ವಾರ್ಮ್‌ಅಪ್. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರಿಗೆ ಅದು ಸಾದಾ ಅಲ್ಲ.

ಒಟ್ಟು 90 ನಿಮಿಷವಿದ್ದರೆ ಕುಶಲ ವಿಚಾರಣೆಗೆ 10, ವಾರ್ಮ್‌ಅಪ್‌ಗೆ 20, ದೃಶ್ಯಕ್ಕೆ 35 ಸಾಕು. ಉಳಿದ 25 ನಿಮಿಷ ಪಾತ್ರದಿಂದ ಹೊರಗೆ ಬರುವುದಕ್ಕೆ ಮತ್ತು ಕೊನೆಯ ಮಾತಿಗೆ. ದೃಶ್ಯ ಚೆನ್ನಾಗಿ ನಡೆಯುತ್ತಿದೆಯೆಂದು ವಿದ್ಯಾರ್ಥಿಗಳು ಕದಿಯುವುದು ಈ 25ರಲ್ಲೇ. ಜನ ಪಾತ್ರವನ್ನು ಹೊತ್ತುಕೊಂಡೇ ಮನೆಗೆ ಹೋಗುವುದೂ ಅದರಿಂದಲೇ.

ನೆಲಕ್ಕೆ ಒಂದು ಜಮಖಾನೆ ಹಾಸಿ. ಅಭಿನಯ ಅದರ ಮೇಲೆ ಮಾತ್ರ. ಮುಗಿದ ಕೂಡಲೇ ಪಾತ್ರಕ್ಕೆ ಹೊದ್ದ ಶಾಲು ಅಲ್ಲೇ ಬಿಡಿಸಿ, ಕೈಕಾಲು ಕೊಡವಿಸಿ, ಜಮಖಾನೆಯಿಂದ ಕೆಳಗಿಳಿಸಿ, ‘ನಾ ಸತ್ಯಭಾಮಾ ಅಲ್ಲ, ನಾ ಶಾಂತವ್ವ’ ಎಂದು ಅವರ ಬಾಯಿಂದಲೇ ಹೇಳಿಸಿ. ಬೈಯುವ, ಹೊಡೆಯುವ ಪಾತ್ರ ಮಾಡಿದವರನ್ನು ಮೊದಲು ಹೊರತನ್ನಿ. ಅತ್ತವರ ಸುತ್ತ ಎಲ್ಲರೂ ಸೇರುತ್ತಾರೆ, ಇವರು ಅಪರಾಧಿ ಭಾವದಲ್ಲಿ ಒಂಟಿಯಾಗಿ ಕೂತಿರುತ್ತಾರೆ.

ಉಸಿರು ಜೋರಾಗುವುದು, ಎದುರಿನ ನಟಿಯನ್ನು ನಿಜವಾದ ಅತ್ತೆ ಅಥವಾ ಗಂಡನಂತೆ ದಿಟ್ಟಿಸುವುದು, ಹಳೆಯದನ್ನು ಈಗಲೇ ನಡೆಯುತ್ತಿರುವಂತೆ ಹೇಳುವುದು: ಇವುಗಳಲ್ಲಿ ಒಂದು ಕಂಡರೂ ದೃಶ್ಯ ನಿಲ್ಲಿಸಿ. ಕಣ್ಣು ತೆರೆಸಿ, ಪಾದ ನೆಲಕ್ಕೆ ಊರಿಸಿ, ಇದು ಯಾವ ಊರು, ಇವತ್ತು ಯಾವ ವಾರ ಎಂದು ಕೇಳಿ. ಹೊರಗೆ ಹೋದವರ ಹಿಂದೆ ಒಬ್ಬರು ಹೋಗಲೇಬೇಕು, ಗುಂಪಿನ ಬಳಿ ಒಬ್ಬರು ಇರಲೇಬೇಕು. ಅದಕ್ಕೇ ವಿದ್ಯಾರ್ಥಿಗಳು ಒಬ್ಬರೇ ಗುಂಪು ನಡೆಸಬಾರದು.

ಮುಂದಿನ ವಾರದವರೆಗೆ ಕಾಯಬೇಡಿ. ಇವತ್ತೇ ಸೂಪರ್‌ವೈಸರ್‌ಗೆ ತಿಳಿಸಿ, ಅವರ ಸಲಹೆಯಂತೆ ಆ ಮಹಿಳೆಯ ಜೊತೆ ಒಬ್ಬರೇ ಮಾತಾಡಿ. ವಾಪಸ್ ಬರುವುದು, ಬಿಡುವುದು ಅವರ ಇಷ್ಟ. ಬಂದರೆ ‘ಅವತ್ತು ಯಾಕ ಅತ್ರಿ ಅಕ್ಕಾರ’ ಎಂದು ಎಲ್ಲರೆದುರು ಕೇಳಬೇಡಿ. ನೋಡುವವರಾಗಿ ಕೂರಲು ಬಿಡಿ. ಮನೆಯಲ್ಲಿ ಹೊಡೆತ ನಡೆಯುತ್ತಿದೆ ಅಥವಾ ಸಾಯುವ ಯೋಚನೆಯಿದೆ ಎಂದರೆ ಅದು ನಾಟಕದಿಂದ ನಿಭಾಯಿಸುವ ವಿಷಯವಲ್ಲ. ಸೂಪರ್‌ವೈಸರ್, ಗುಂಪು ನಡೆಯುವ ಕೇಂದ್ರದ ವೈದ್ಯರು ತಕ್ಷಣ ಬರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಮೊದಲ ದಿನವೇ ಎಲ್ಲರಿಗೂ ಕೊಟ್ಟಿರಿ.

ನಿಮ್ಮ ತರಬೇತಿ ಡೈರಿಯಲ್ಲಿ ಏನು ಮಾಡಬೇಕೆಂದಿದ್ದಿರಿ, ಏನಾಯಿತು, ನಿಮಗೇನನಿಸಿತು, ಏನು ಬದಲಿಸುತ್ತೀರಿ ಎಂಬುದು ಇರಲಿ, ಗುಂಪಿನವರ ಹೆಸರು ಬೇಡ. ಮೊಬೈಲ್‌ನಲ್ಲಿ ಫೋಟೊ, ವಿಡಿಯೊ ಖಂಡಿತ ಬೇಡ.

ಪ್ರಶ್ನೆ: ಈ ತರಬೇತಿ ಮುಗಿಸಿ ಬೆಳಗಾವಿಯಲ್ಲಿ ‘ನಾಟಕ ಚಿಕಿತ್ಸಕ’ ಎಂದು ಬೋರ್ಡ್ ಹಾಕಬಹುದೇ?

ಉತ್ತರ: ಬೇಡ. ಬೇರೆ ದೇಶದ ಉದಾಹರಣೆ ನೋಡಿ: ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದವರು ಆ ಹೆಸರು ಬಳಸುವುದನ್ನು ಕಾನೂನೇ ತಡೆಯುತ್ತದೆ. ಒಂದು ಸೆಮಿಸ್ಟರಿನ ಪ್ರಾಯೋಗಿಕ ತರಬೇತಿ ನಿಮ್ಮನ್ನು ಸಹಾಯಕರನ್ನಾಗಿ ಮಾಡುತ್ತದೆ, ಅಷ್ಟೇ. ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರ ತಂಡದಲ್ಲಿ ಸೇರಿ, ‘ರಂಗಚಟುವಟಿಕೆ ನಡೆಸುವವರು’ ಎಂದೇ ಹೇಳಿಕೊಂಡು ಕೆಲಸ ಶುರುಮಾಡಿ.